ಜಹೀರಾಬಾದ್ ದಾಟುವ ಮೊದಲು

ಬೀದರ್, ರಾಯಚೂರು, ಕಲಬುರಗಿ ಕಡೆಯಿಂದ ಓದಲಿಕ್ಕೆ ಹೈದರಾಬಾದಿಗೆ ಹೊರಟ ಮಕ್ಕಳೇ, ಅದರಲ್ಲೂ ನಿಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತುತ್ತಿರುವ ಮೊದಲಿಗರೇ, ಈ ಊರಲ್ಲಿ ಬಹುಕಾಲ ಬಾಳಿದವನ ಮಾತು ಸ್ವಲ್ಪ ಕೇಳಿ.

ಇದು ಹಳೆಯ ದಾರಿ. 1918ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಈ ಮೂರು ಜಿಲ್ಲೆಗಳೂ ನಿಜಾಮರ ರಾಜ್ಯದಲ್ಲಿದ್ದವು. ಆ ವಿಶ್ವವಿದ್ಯಾಲಯದಲ್ಲಿ ಪಾಠ ನಡೆಯುತ್ತಿದ್ದುದು ಉರ್ದುವಿನಲ್ಲಿ. ಕನ್ನಡದ ಮನೆಗಳಿಂದ ಬಂದವರು ಅದನ್ನೂ ಕಲಿತು ಪದವಿ ಪಡೆದರು. ಅವರಿಗೆ ಬೇರೆ ಬಾಗಿಲುಗಳು ಕಡಿಮೆಯಿದ್ದವು. ನಿಮಗೆ 1980ರಿಂದ ಗುಲ್ಬರ್ಗಾ ವಿಶ್ವವಿದ್ಯಾಲಯವಿದೆ, 2009ರಿಂದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಹೈದರಾಬಾದು ದೊಡ್ಡ ಊರು ಎಂಬ ಒಂದೇ ಕಾರಣಕ್ಕೆ ಬರಬೇಡಿ.

ಸಂವಿಧಾನದ 371ಜೆ ವಿಧಿ ನಿಮ್ಮ ಕೈಯಲ್ಲಿರುವ ಹಕ್ಕು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯದ ಉಳಿದೆಡೆ ನೂರಕ್ಕೆ 8. ಆದರೆ ಅದು ಗಡಿ ದಾಟುವುದಿಲ್ಲ. ತೆಲಂಗಾಣದ ಜಹೀರಾಬಾದಿನ ಈಚೆಗೆ ಬಂದರೆ ನೀವು 'ನಾನ್‌ಲೋಕಲ್'. ಎಂಜಿನಿಯರಿಂಗಿನಲ್ಲಿ ಸರ್ಕಾರ ಹಂಚುವ ಕನ್ವೀನರ್ ಸೀಟುಗಳಲ್ಲಿ ಬಹುಪಾಲು ಇಲ್ಲಿನ ಮಕ್ಕಳದ್ದೇ. ಆಗ ಏಜೆಂಟ್ ಬರುತ್ತಾನೆ, ಮ್ಯಾನೇಜ್‌ಮೆಂಟ್ ಸೀಟಿನ ಮಾತು ಎತ್ತುತ್ತಾನೆ. ಅದಕ್ಕಾಗಿ ಅಪ್ಪನ ಹೊಲ ಅಡವಿಡಬೇಡಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದ ಮಾತು ಬೇರೆ. 1974ರಲ್ಲಿ ಹುಟ್ಟಿದ ಕೇಂದ್ರದ ಸಂಸ್ಥೆ. ಪಿಯುಸಿ ನಂತರದ ಐದು ವರ್ಷದ ಎಂಎ, ಎಂಎಸ್‌ಸಿಗಳಿಗೆ ಸಿಯುಇಟಿ ಬರೆದು ಯಾವ ರಾಜ್ಯದವರೂ ಸೇರಬಹುದು. ಅಲ್ಲಿ ಮೀಸಲಾತಿ ಕೇಳುವವರು ಮೊದಲೇ ಒಂದು ಕೆಲಸ ಮಾಡಿ. ರಾಜ್ಯದ 2ಎ, 3ಬಿ ಪಟ್ಟಿಯೇ ಬೇರೆ, ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ನೋಡಿಕೊಂಡು, ಇದ್ದರೆ ತಹಶೀಲ್ದಾರರಿಂದ ಕೇಂದ್ರದ ನಮೂನೆಯ ಪ್ರಮಾಣಪತ್ರ ಮಾಡಿಸಿ. ಓದಿನಲ್ಲಿ ಯಾರಿಗೂ ಕಮ್ಮಿಯಿಲ್ಲದ ಮಕ್ಕಳು ಈ ಒಂದು ಕಾಗದಕ್ಕೆ ಸೀಟು ಕಳೆದುಕೊಳ್ಳುವುದು ನನಗೆ ತಡೆಯಲಾಗದ ಸಂಕಟ.

ಕಾಲೇಜು ನಿಮಗೆ ಒಗ್ಗುತ್ತದೋ ಇಲ್ಲವೋ ಜಾಹೀರಾತು ಹೇಳುವುದಿಲ್ಲ. ತರಗತಿ ನಡೆಯುವ ದಿನ ಹೋಗಿ. ಹಳ್ಳಿಯಿಂದ ಬಂದ ಎರಡನೇ ವರ್ಷದ ವಿದ್ಯಾರ್ಥಿಯನ್ನು ಹುಡುಕಿ ಕೇಳಿ: ಹಾಸ್ಟೆಲು, ಮೆಸ್ಸು, ಪರೀಕ್ಷೆ ಎಲ್ಲ ಸೇರಿ ವರ್ಷಕ್ಕೆ ಕೊಟ್ಟದ್ದೆಷ್ಟು? ಸ್ಕಾಲರ್‌ಶಿಪ್ ಯಾವ ತಿಂಗಳು ಕೈಗೆ ಬಂತು? ಪಾಠ ತಿಳಿಯದಿದ್ದಾಗ ಯಾವ ಮೇಷ್ಟ್ರ ಹತ್ತಿರ ಹೋದೆ? ಕೊನೆಯ ಪ್ರಶ್ನೆಗೆ ಅವನು ಒಂದು ಹೆಸರನ್ನೂ ಹೇಳದಿದ್ದರೆ ಇನ್ನೊಮ್ಮೆ ಯೋಚಿಸಿ.

ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ತರಗತಿಯಲ್ಲಿ ಮೊದಲ ತಿಂಗಳುಗಳು ಬಾಯಿಬಿಡುವುದಿಲ್ಲ. ತಪ್ಪಾದರೂ ಕೇಳಿ. ಬೀದರಿನ ಹಲವರಿಗೆ ದಖನಿ ಉರ್ದು ಬರುತ್ತದೆ. ಅದರಿಂದ ಈ ಊರಲ್ಲಿ ಗೆಳೆಯರು ಬೇಗ ಸಿಗುತ್ತಾರೆ, ಗೆಳೆಯರಿಂದ ಅರ್ಧ ಪಾಠ ತಿಳಿಯುತ್ತದೆ.

ಸೇರುವಾಗ ಅಂಕಪಟ್ಟಿಯ ಮೂಲಪ್ರತಿ ತೋರಿಸಿ, ವಾಪಸು ಪಡೆಯಿರಿ. ಅದನ್ನು ಕಾಲೇಜು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ. ಆರು ತಿಂಗಳಾದರೂ ಒಗ್ಗಲಿಲ್ಲವೆಂದರೆ ಮನೆಗೆ ಫೋನು ಮಾಡಿ, ಹೊರಬನ್ನಿ, ಮುಂದಿನ ವರ್ಷಕ್ಕೆ ಇನ್ನೊಂದು ಕಡೆ ಅರ್ಜಿ ಹಾಕಿ.