ಹಿತ್ತಲಿಗೆ ಜೆಸಿಬಿ ಬೇಡ

ಪ್ರೀತಿಯ ಪುಟ್ಟಿ,

ತೀರ್ಥಹಳ್ಳಿ ಕಡೆಯ ನಮ್ಮ ಮನೆ ನಿನ್ನ ಪಾಲಿಗೆ ಬಂದದ್ದು ಕೇಳಿ ಸಂತೋಷವಾಯಿತು. ಹಿತ್ತಲ ತುಂಬ ಲಂಟಾನ ಹಬ್ಬಿ ಬಾವಿಕಟ್ಟೆಯೇ ಕಾಣುತ್ತಿಲ್ಲ, ಜೆಸಿಬಿಯವನು ಒಂದೇ ದಿನದಲ್ಲಿ ಬಯಲು ಮಾಡಿಕೊಡುತ್ತಾನೆ ಎಂದು ಬರೆದಿದ್ದೀಯ. ಅವನನ್ನು ಕರೆಸಬೇಡ. ನಿನ್ನ ಅಜ್ಜಿ ನೆಟ್ಟ ದುಂಡುಮಲ್ಲಿಗೆ ಆ ಪೊದೆಯೊಳಗೆ ಇನ್ನೂ ಜೀವ ಹಿಡಿದಿರಬಹುದು. ನೆರಳು ಕವಿದರೆ ಮಲ್ಲಿಗೆ ಹೂ ನಿಲ್ಲಿಸುತ್ತದೆಯೇ ಹೊರತು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಯಂತ್ರಕ್ಕೆ ಕಳೆಯೂ ಒಂದೇ, ಮಲ್ಲಿಗೆಯೂ ಒಂದೇ. ಮೇಲಾಗಿ, ಬರಿದಾದ ಮಣ್ಣು ಮಲೆನಾಡಿನ ಮಳೆಗೆ ನಿಲ್ಲುವುದಿಲ್ಲ.

ಕತ್ತಿ, ಗುದ್ದಲಿ ಹಿಡಿಯಬಲ್ಲ ಇಬ್ಬರಿದ್ದರೆ ಸಾಕು. ಬಚ್ಚಲ ನೀರು ಹರಿಯುವ ಕಡೆಯಿಂದ ಶುರುಮಾಡಿಸು. ಅಜ್ಜಿಯ ಹೂಗಿಡಗಳೆಲ್ಲ ಆ ನೀರಿನಲ್ಲೇ ಬೆಳೆದವು. ಅನುಮಾನ ಬಂದರೆ ಎಲೆ ಉಜ್ಜಿ ನೋಡು. ಲಂಟಾನದ ಎಲೆ ಒರಟು, ಘಾಟು ವಾಸನೆ, ಕಾಂಡ ಚೌಕ. ಮಲ್ಲಿಗೆಯ ಎಲೆ ನುಣುಪು. ಉಳಿಸಬೇಕಾದ ಗಿಡಕ್ಕೆಲ್ಲ ಹಳೆ ಸೀರೆಯ ಚಿಂದಿ ಕಟ್ಟಿಬಿಡು, ಕೆಲಸದವರಿಗೆ ಗುರುತಾಗುತ್ತದೆ. ಲಂಟಾನವನ್ನು ಮೇಲಿಂದ ಸವರಿದರೆ ಇನ್ನಷ್ಟು ಚಿಗುರುತ್ತದೆ. ನೆಲದಿಂದ ನಾಲ್ಕು ಬೆರಳು ಕೆಳಗೆ ಬೇರು ಕಡಿದು, ಬುಡಮೇಲು ಮಾಡಿ ಒಣಗಲು ಬಿಡಬೇಕು. ಹಕ್ಕಿಗಳು ಅದರ ಬೀಜ ಹಾಕುತ್ತಲೇ ಇರುತ್ತವೆ. ಮೊದಲ ಮಳೆಗೆ ಹುಟ್ಟಿದ ಸಸಿಗಳನ್ನು ಎಳೆಯದರಲ್ಲೇ ಕಿತ್ತುಹಾಕು. ಎರಡು ಮೂರು ಮಳೆಗಾಲ ಈ ಕೆಲಸ ತಪ್ಪಿದ್ದಲ್ಲ.

ಏನೇನು ನೆಡಲಿ ಎಂದು ಕೇಳಿದ್ದೀಯ. ಪರಿಮಳಕ್ಕೆ ಹೊತ್ತಿದೆ ಮಗಳೇ, ಅದನ್ನು ನೋಡಿ ಜಾಗ ಗೊತ್ತುಮಾಡು. ಮಲ್ಲಿಗೆ ಅರಳುವುದು ಮುಸ್ಸಂಜೆಗೆ, ಅದು ಜಗಲಿಯ ಹತ್ತಿರವಿರಲಿ. ಪಾರಿಜಾತ ರಾತ್ರಿ ಅರಳಿ ಬೆಳಗಾಗುವಾಗ ಉದುರುತ್ತದೆ. ಅಂಗಳದ ಅಂಚಿನಲ್ಲಿ, ಸೆಗಣಿ ಸಾರಿಸಿದ ನೆಲದ ಮೇಲೆ ಬೀಳುವಂತಿರಬೇಕು. ರಾತ್ರಿರಾಣಿಯನ್ನು ಮಲಗುವ ಕೋಣೆಯ ಕಿಟಕಿಗೆ ನೆಡಬೇಡ, ಅದರ ಘಮಕ್ಕೆ ತಲೆನೋವು ಬರುವವರಿದ್ದಾರೆ. ಸಂಪಿಗೆಗೆ ಕಸಿ ಗಿಡ ತಂದರೆ ಎರಡು ಮೂರು ವರ್ಷಕ್ಕೆ ಹೂ ಬರುತ್ತದೆ, ಬೀಜದ ಗಿಡಕ್ಕೆ ಬಹಳ ಕಾಯಬೇಕು. ಮರುಗ, ದವನ ಕುಂಡದಲ್ಲೇ ಆದಾವು.

ಎಲ್ಲಕ್ಕಿಂತ ಮೊದಲು ಒಂದು ಸುರಗಿ ನೆಡು. ನರ್ಸರಿಯವರು ನಿಧಾನದ ಮರ ಎನ್ನುತ್ತಾರೆ, ನಿಜವೇ. ಆದರೆ ಬೇಸಿಗೆಯ ಮೊದಲಿಗೆ ಹಳೆಯ ರೆಂಬೆಗಳಿಗೆ ಅಂಟಿಕೊಂಡಂತೆ ಗೊಂಚಲು ಬಿಡುವ ಆ ಮೊಗ್ಗನ್ನು ಕೊಯ್ದು, ದಂಡೆ ಕಟ್ಟಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಘಮ ಹೋಗುವುದಿಲ್ಲ. ಮಲ್ಲಿಗೆ ಮರುದಿನಕ್ಕೆ ಬಾಡುತ್ತದೆ. ಸುರಗಿ, ರಂಜದ ಹೂ ಒಣಗಿದ ಮೇಲೂ ಪೆಟ್ಟಿಗೆಯ ಸೀರೆಗಳಿಗೆ ಪರಿಮಳ ಕೊಡುತ್ತವೆ. ಮರ ಹತ್ತುವುದು ಕಷ್ಟವೆಂದು ರೆಂಬೆಯನ್ನೇ ಕಡಿದು ಹೂ ಕೊಯ್ಯುವವರಿಂದ ಕಾಡಿನ ಸುರಗಿಗೆ ಪೆಟ್ಟು ಬಿದ್ದಿದೆ. ಅದಕ್ಕೇ ಅದು ಮನೆಯ ಹಿತ್ತಲಲ್ಲಿ ಇರಬೇಕು ಎನ್ನುವುದು. ಹೂ ನೋಡುವುದು ನಿನ್ನ ಮಗಳ ಪಾಲಿಗಾದರೂ ಸರಿ, ನೆಡು.

ಈಗ ಕಾರ್ತಿಕ ಮುಗಿಯುತ್ತಿದೆ. ಸಿಕ್ಕ ಮಲ್ಲಿಗೆ ಬುಡಗಳಿಗೆ ನೀರು ನಿಲ್ಲಿಸು. ಡಿಸೆಂಬರ್ ಕೊನೆಯಲ್ಲಿ ಒಣಗಿದ ಕಡ್ಡಿಗಳನ್ನೆಲ್ಲ ತೆಗೆದು, ಉಳಿದದ್ದನ್ನು ಮೊಣಕಾಲೆತ್ತರಕ್ಕೆ ಸವರಿಸಿ, ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಡು. ಮಾರ್ಚ್ ಹೊತ್ತಿಗೆ ಮೊಗ್ಗು ಬರುತ್ತದೆ. ಜನವರಿ ದಾಟಿಸಬೇಡ, ಸವರುವುದು ತಡವಾದರೆ ಹೂವೂ ತಡವಾಗಿ ಮಳೆಗೆ ಸಿಕ್ಕುತ್ತದೆ.

ಇಂತಿ,
ನಿನ್ನ ಅತ್ತೆ