ಸಂತೃಪ್ತಿಯ ಪಾಠ ಯಾರಿಗೆ?

ಭಿಕ್ಷುವಿಗೆ ಅರ್ಥಶಾಸ್ತ್ರವೇಕೆ ಎಂದು ನನ್ನನ್ನು ಕೇಳದವರು ಕಡಿಮೆ. ಬೆಂಗಳೂರಿನ ಗಾಂಧಿನಗರದ ಮಹಾಬೋಧಿ ವಿಹಾರದಲ್ಲಿ ಚೀವರ ತೊಟ್ಟಾಗಲೂ ಕೇಳಿದರು, ಶ್ರೀಲಂಕಾದ ಕೆಲನಿಯ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಹೋದಾಗಲೂ ಕೇಳಿದರು. ಬೆಳ್ಳಿ ಬಂಗಾರ ಮುಟ್ಟಬಾರದೆಂಬ ಶೀಲ ನಮಗಿದೆ. ನನ್ನ ವಿದ್ಯಾರ್ಥಿವೇತನವನ್ನು ವಿಹಾರದ ಕಪ್ಪಿಯಕಾರಕರೇ, ಅಂದರೆ ಭಿಕ್ಷುಗಳ ಪರವಾಗಿ ವ್ಯವಹರಿಸುವ ಗೃಹಸ್ಥ ಸಹಾಯಕರೇ, ನೋಡಿಕೊಳ್ಳುತ್ತಿದ್ದರು. ಪುಸ್ತಕ ಬೇಕಾದರೆ ಅವರಿಗೆ ಹೇಳಬೇಕು, ಬಸ್ಸಿನ ಟಿಕೆಟ್ಟಿಗೂ ಅವರೇ ಬೇಕು. ಹೀಗೆ ಬದುಕುವವನಿಗೆ ಒಂದು ವಿಷಯ ಬೇಗ ತಿಳಿಯುತ್ತದೆ: ತಟ್ಟೆಗೆ ಬಿದ್ದ ಪ್ರತಿ ಅಗುಳೂ ಯಾರದೋ ದುಡಿಮೆಯದು. ದುಡಿಮೆ, ಹಂಚಿಕೆ, ಋಣ ಇವುಗಳ ಬಗ್ಗೆ ಭಿಕ್ಷುವಲ್ಲದೆ ಇನ್ಯಾರು ಯೋಚಿಸಬೇಕು?

ಬೌದ್ಧ ಅರ್ಥಶಾಸ್ತ್ರ ಎಂದೊಡನೆ ಎಲ್ಲರೂ ಅರ್ಥಶಾಸ್ತ್ರಜ್ಞ ಶೂಮಾಕರ್ ಹೆಸರು ಹೇಳುತ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡಿದೆ. 1955ರಲ್ಲಿ ಬರ್ಮಾ ಸರ್ಕಾರಕ್ಕೆ ಸಲಹೆಗಾರನಾಗಿ ಹೋದ ಆತ ಅಲ್ಲಿಯ ಬದುಕಿನಿಂದ ಕಲಿತದ್ದನ್ನು 1966ರಲ್ಲಿ ಪ್ರಬಂಧವಾಗಿ ಬರೆದ. 1973ರ ‘ಸ್ಮಾಲ್ ಈಸ್ ಬ್ಯೂಟಿಫುಲ್’ ಅದನ್ನು ಜಗತ್ತಿಗೆಲ್ಲ ಮುಟ್ಟಿಸಿತು. ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ. ಆದರೆ ಆ ಪ್ರಬಂಧದ ನಂತರ ಬಂದ ಬರಹಗಳಲ್ಲಿ ಬಹುಪಾಲು ಆಸೆ ಕಡಿಮೆ ಮಾಡಿಕೊಳ್ಳಿ ಎನ್ನುವಲ್ಲಿಗೆ ನಿಂತುಬಿಡುತ್ತವೆ. ಪಾಲಿ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ, ನನಗೆ ಕಂಡದ್ದು ಬೇರೆ.

ದೀಘನಿಕಾಯವೆಂಬ ಸುತ್ತಸಂಗ್ರಹದ ಐದನೆಯ ಸುತ್ತ ಕೂಟದಂತ. ಮಹಾವಿಜಿತನೆಂಬ ರಾಜ ದೊಡ್ಡ ಯಜ್ಞ ಮಾಡಲು ಹೊರಡುತ್ತಾನೆ. ನಾಡಿನಲ್ಲಿ ಕಳ್ಳಕಾಕರ ಹಾವಳಿ. ಇಂಥ ಹೊತ್ತಿನಲ್ಲಿ ಹೊಸ ತೆರಿಗೆ ಹಾಕುವುದು ತಪ್ಪು, ಕೊಲ್ಲಿಸಿ ಸೆರೆಗೆ ಹಾಕಿಸಿ ಈ ಪಿಡುಗನ್ನು ನೀಗಿಸಲಾಗದು ಎಂದು ಪುರೋಹಿತ ಎಚ್ಚರಿಸುತ್ತಾನೆ. ಮದ್ದು ಇದು: ಬೇಸಾಯ, ದನ ಸಾಕಣೆ ಮಾಡುವವರಿಗೆ ಬೀಜ ಮತ್ತು ಮೇವು ಕೊಡು, ವ್ಯಾಪಾರಿಗೆ ಬಂಡವಾಳ ಕೊಡು, ರಾಜಸೇವಕರಿಗೆ ಊಟ ಸಂಬಳ ಕೊಡು. ಜನ ತಮ್ಮ ತಮ್ಮ ಕೆಲಸದಲ್ಲಿ ತೊಡಗಿದರೆ ನಾಡು ತಾನೇ ನೆಮ್ಮದಿಯಾಗುತ್ತದೆ. ಚಕ್ಕವತ್ತಿ ಸೀಹನಾದ ಸುತ್ತ ಇದರ ಇನ್ನೊಂದು ಮುಖ ತೋರಿಸುತ್ತದೆ. ಅಲ್ಲಿ ರಾಜ ಬಡವರಿಗೆ ಧನ ಕೊಡುವುದನ್ನು ಮರೆಯುತ್ತಾನೆ. ಬಡತನದಿಂದ ಕಳವು, ಕಳವಿನಿಂದ ಆಯುಧ, ಆಯುಧದಿಂದ ಕೊಲೆ, ಕೊಲೆಯಿಂದ ಸುಳ್ಳು ಎಂದು ಕೇಡು ಇಳಿಯುತ್ತ ಹೋಗುತ್ತದೆ. ಜನರ ನೀತಿ ಕೆಟ್ಟಿತೆಂದು ಬುದ್ಧ ಅಲ್ಲಿ ಮೊದಲು ಜನರನ್ನು ದೂರುವುದಿಲ್ಲ, ಆಳುವವನನ್ನು ದೂರುತ್ತಾನೆ.

ಗೃಹಸ್ಥರಿಗೆ ಬುದ್ಧ ಹೇಳಿದ್ದೂ ಸರ್ವಸಂಗ ತ್ಯಾಗವನ್ನಲ್ಲ. ಕೋಲಿಯ ಕುಲದ ದೀಘಜಾಣು ಬಂದು, ನಾವು ಹೆಂಡತಿ ಮಕ್ಕಳ ನಡುವೆ ಇರುವವರು, ಗಂಧ ಹಚ್ಚಿಕೊಳ್ಳುವವರು, ಬೆಳ್ಳಿ ಬಂಗಾರ ಇಟ್ಟುಕೊಳ್ಳುವವರು, ನಮಗೆ ತಕ್ಕ ಮಾತು ಹೇಳಿ ಎನ್ನುತ್ತಾನೆ. ಕುಶಲತೆಯಿಂದ ದುಡಿ, ದುಡಿದದ್ದನ್ನು ಕಾಪಾಡು, ಒಳ್ಳೆಯವರ ಸಂಗ ಮಾಡು, ಆದಾಯ ನೋಡಿ ಖರ್ಚು ಮಾಡು ಎಂಬುದು ಇಹದ ಸುಖಕ್ಕೆ ಬುದ್ಧನ ಉತ್ತರ. ಸಂಪತ್ತು ನಾಲ್ಕು ತೂಬುಗಳ ಕೆರೆಯಂತೆ, ಕೆಟ್ಟ ಚಟಗಳಿಂದ ಬರಿದಾಗುತ್ತದೆ ಎಂದೂ ಹೇಳುತ್ತಾನೆ. ಗೃಹಸ್ಥ ಅನಾಥಪಿಂಡಿಕನಿಗೆ ಹೇಳಿದ ನಾಲ್ಕು ಸುಖಗಳಲ್ಲಿ ಸಾಲವಿಲ್ಲದಿರುವುದೂ ಒಂದು.

ಸಾಲದ ಮಾತು ಪುಸ್ತಕದಿಂದ ಎದ್ದು ಬೀದಿಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. 2021ರಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಲ್ಲಿಸಿತು. ಭತ್ತದ ಇಳುವರಿ ಕುಸಿಯಿತು. ಡಾಲರು ಮುಗಿದು 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿಯೇ ನಿಂತಿತು. ನಾನಿದ್ದ ವಿಹಾರಕ್ಕೆ ಸರದಿಯ ಮೇಲೆ ದಾನ ತರುವ ದಾಯಕರು ಗ್ಯಾಸಿನ ಸಾಲಿನಲ್ಲಿ ರಾತ್ರಿ ಕಳೆದು, ಸೌದೆ ಒಲೆಯ ಅನ್ನವನ್ನು ತಂದು ಬಡಿಸುತ್ತಿದ್ದರು. ತಮ್ಮ ಮಕ್ಕಳಿಗೆ ಹಾಲಿನ ಪುಡಿ ಸಿಗದ ಮನೆಯವರು ನಮಗೆ ಪಲ್ಯ ಎರಡು ಬಗೆ ಮಾಡಿರುತ್ತಿದ್ದರು. ಸಾಕು ಎಂದರೆ ನೊಂದುಕೊಳ್ಳುತ್ತಿದ್ದರು. ಅದೇ ದಿನಗಳಲ್ಲಿ ಕೆಲವು ಧರ್ಮೋಪದೇಶಗಳಲ್ಲಿ ಲೋಭವೇ ದುಃಖದ ಮೂಲ, ಇದ್ದುದರಲ್ಲಿ ತೃಪ್ತರಾಗಿ ಎಂಬ ಮಾತು ಕೇಳಿಬರುತ್ತಿತ್ತು. ಅನುರಾಧಪುರದ ಕಡೆಯ ರೈತನೊಬ್ಬ ನನ್ನೆದುರು ಕೂತು, ಭಂತೇ, ಯಾರ ಲೋಭ ಎಂದು ಕೇಳಿದ. ಬೀಜ, ಮೇವು ಕೊಡು ಎಂದು ರಾಜನಿಗೆ ಹೇಳಿದ ಸುತ್ತವನ್ನು ಅವನಿಗೆ ಓದಿ ಹೇಳಿದೆ. ನನ್ನ ಸಂಶೋಧನೆಯ ವಾದ ಗಟ್ಟಿಯಾದದ್ದು ಆಗಲೇ. ಸಂತೃಪ್ತಿಯ ಪಾಠವನ್ನು ಸುತ್ತಗಳು ಮುಖ್ಯವಾಗಿ ಭಿಕ್ಷುವಿಗೆ ಹೇಳುತ್ತವೆ. ಹಸಿದವನಿಗೆ ಅದನ್ನು ಒಪ್ಪಿಸುವುದು ಧರ್ಮವಲ್ಲ.

ಭಿಕ್ಷುಗಳ ಮೇಲೆ ಆ ಪಾಠ ಎಷ್ಟು ಬಿಗಿಯಾಗಿತ್ತೆಂದು ಸಂಘದ ನಿಯಮಗಳ ಗ್ರಂಥವಾದ ವಿನಯಪಿಟಕ ತೋರಿಸುತ್ತದೆ. ತನ್ನ ಅಂತಃಪುರದವರು ಬುದ್ಧನ ಶಿಷ್ಯ ಆನಂದನಿಗೆ ಐನೂರು ವಸ್ತ್ರ ಕೊಟ್ಟದ್ದು ತಿಳಿದು, ಇಷ್ಟನ್ನು ಏನು ಮಾಡುತ್ತೀರಿ ಎಂದು ಉದೇನ ರಾಜ ಕೇಳುತ್ತಾನೆ. ಹರಿದ ಚೀವರ ಹೊಂದಿದವರಿಗೆ ಹಂಚುತ್ತೇವೆ, ಅವರ ಹಳೆಯದು ಹೊದಿಕೆಯಾಗುತ್ತದೆ, ಹಳೆಯ ಹೊದಿಕೆ ಹಾಸಿಗೆಯ ಕವಚ, ಅದು ನೆಲದ ಹಾಸು, ಅದು ಕಾಲೊರೆಸು, ಕೊನೆಗೆ ಚಿಂದಿಯನ್ನು ಕೆಸರಿಗೆ ಕಲಸಿ ನೆಲ ಮೆತ್ತುತ್ತೇವೆ ಎನ್ನುತ್ತಾನೆ ಆನಂದ.

ಆಡಳಿತದ ಪಾಠ ನನಗೆ ಶ್ರೀಲಂಕಾದ ಮಿಹಿಂತಲೆಯ ಎರಡು ಶಿಲಾಫಲಕಗಳಲ್ಲಿ ಸಿಕ್ಕಿತು. ಅವು ಹತ್ತನೆಯ ಶತಮಾನದಲ್ಲಿ ರಾಜ ನಾಲ್ಕನೆಯ ಮಹಿಂದ ಬರೆಸಿದವು. ವಿಹಾರದ ಕೆಲಸಗಾರರಿಗೆ ಯಾರಿಗೆಷ್ಟು ಕೂಲಿ ಎಂಬುದು ಅಲ್ಲಿದೆ. ದಿನದ ಖರ್ಚನ್ನು ದಿನವೇ ಬರೆಯಬೇಕು, ಲೆಕ್ಕ ಬೀಗದ ಪೆಟ್ಟಿಗೆಯಲ್ಲಿರಬೇಕು, ವರ್ಷದ ಕೊನೆಗೆ ಸಂಘದ ಮುಂದೆ ಒಪ್ಪಿಸಬೇಕು. ಗುಣವರ್ಧನ ಅವರ ‘ರೋಬ್ ಅಂಡ್ ಪ್ಲೌ’ ಓದಿದವರಿಗೆ ಇದರ ಹಿನ್ನೆಲೆ ಗೊತ್ತು: ವಿಹಾರಗಳಿಗೆ ಹೊಲ, ಕೆರೆಗಳಿದ್ದವು, ಅಧಿಕಾರವೂ ಇತ್ತು. ಆಸ್ತಿ ಬಂದ ಮೇಲೆ ಲೆಕ್ಕವೂ ಬರಲೇಬೇಕು. ಇಂದು ನಮ್ಮ ಎಷ್ಟು ಮಠ, ವಿಹಾರಗಳು ಭಕ್ತರ ಮುಂದೆ ಪೆಟ್ಟಿಗೆ ತೆರೆಯುತ್ತವೆ?

ಲೆಕ್ಕಕ್ಕಿದ್ದಂತೆ ನಿರ್ಣಯಕ್ಕೂ ಕ್ರಮವಿದೆ. ಸಂಘದಲ್ಲಿ ಯಾವುದೇ ದೊಡ್ಡ ನಿರ್ಣಯಕ್ಕೆ ಮೊದಲು ಞತ್ತಿ, ಅಂದರೆ ಸೂಚನೆ. ಉಪಸಂಪದೆ, ಅಂದರೆ ಪೂರ್ಣ ದೀಕ್ಷೆಯಂಥ ವಿಷಯದಲ್ಲಿ ಮೂರು ಬಾರಿ ಘೋಷಣೆ. ಭಿನ್ನಮತ ಉಳಿದರೆ ಶಲಾಕೆ, ಅಂದರೆ ಮತದ ಕಡ್ಡಿ ಹಂಚಿ ಮತ ಎಣಿಕೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಇದನ್ನೇ ನೆನಪಿಸಿದರು. ಭಿಕ್ಷು ಸಂಘಗಳಿಗೆ ಸಂಸದೀಯ ವಿಧಾನ ಗೊತ್ತಿತ್ತು ಎಂದರು. ಘೋಷಣೆಯ ಹೊತ್ತಿನ ಮೌನವನ್ನು ಒಪ್ಪಿಗೆ ಎಂದು ಎಣಿಸುವ ಪದ್ಧತಿಯ ಬಗ್ಗೆ ಮಾತ್ರ ನನಗೆ ಸಮಾಧಾನವಿಲ್ಲ. ಹಿರಿಯರೆದುರು ಕಿರಿಯ ಭಿಕ್ಷು ಬಾಯಿ ಬಿಡದಿರಲು ಭಯವೂ ಕಾರಣವಾಗಬಹುದು.

ಇಷ್ಟನ್ನೆಲ್ಲ ಓದಲು ಕಡಲು ದಾಟಿದ ನಾನು ಹುಟ್ಟಿದ್ದು ಭೀಮಾ ತೀರದಲ್ಲಿ, ಸನ್ನತಿಯ ಸೀಮೆಯಲ್ಲಿ. 1986ರಲ್ಲಿ ಅಲ್ಲಿಯ ಚಂದ್ರಲಾಂಬ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಕಳಿಂಗದ ಧೌಲಿ, ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳು ಅದರಲ್ಲಿವೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ಅಧಿಕಾರಿಗಳಿಗೆ ಬರೆಸಿದ ಆಜ್ಞೆ ಅದು. ಯಾರನ್ನೂ ಅನ್ಯಾಯವಾಗಿ ಸೆರೆಗೆ ಹಾಕದಿರಿ, ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ ಬಿಡಿ ಎನ್ನುತ್ತದೆ.

ನಮ್ಮ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ವಿಭಾಗದವರಲ್ಲಿ ನನ್ನದೊಂದು ಬೇಡಿಕೆ. ಕೌಟಿಲ್ಯನನ್ನು ಓದಿಸುವ ಪತ್ರಿಕೆಯಲ್ಲೇ ಕೂಟದಂತ ಸುತ್ತವನ್ನೂ ಸನ್ನತಿಯ ಶಾಸನವನ್ನೂ ಪಠ್ಯವಾಗಿಡಿ. ಪಾಲಿ ಬಾರದ ವಿದ್ಯಾರ್ಥಿಗಳಿಗೆ ಕಲಿಸಲು ವಿಹಾರಗಳಲ್ಲಿ ನಮ್ಮಂಥವರಿದ್ದೇವೆ. ನಾವು ಅದಕ್ಕೆ ಸಂಬಳ ಕೇಳುವವರೂ ಅಲ್ಲ. ಕರೆಯಿರಿ, ಬರುತ್ತೇವೆ.