ದನಿ ಬಿದ್ದಾಗ ಮನೆಯಲ್ಲಿ ಏನು ಮಾಡಬೇಕು, ಆಸ್ಪತ್ರೆಗೆ ಯಾವಾಗ ಬರಬೇಕು?

"ನೆಗಡಿ ಆಗಿತ್ರಿ, ಈಗ ದನಿನೇ ಬಿದ್ದದ" ಎಂದು ಹೇಳಿಕೊಂಡು ಬರುವವರು ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಭಾಗದಲ್ಲಿ ಬಹಳ. ಕೆಲವರು ಅದನ್ನೂ ಹೇಳಲಾಗದೆ ಗಂಟಲು ಮುಟ್ಟಿ ತೋರಿಸುತ್ತಾರೆ, ಜೊತೆಗೆ ಬಂದವರು ಮಾತಾಡುತ್ತಾರೆ. ಈ ತೊಂದರೆಗೆ ಧ್ವನಿಪೆಟ್ಟಿಗೆಯ ಉರಿಯೂತ ಎನ್ನುತ್ತಾರೆ. ವೈದ್ಯರ ಮಾತಿನಲ್ಲಿ ಲ್ಯಾರಿಂಜೈಟಿಸ್.

ಕುತ್ತಿಗೆಯ ಮುಂಭಾಗದಲ್ಲಿ ಬೆರಳಿಗೆ ಗಟ್ಟಿಯಾಗಿ ಸಿಗುವ ಉಬ್ಬಿನ ಹಿಂದೆ ಧ್ವನಿಪೆಟ್ಟಿಗೆ ಇರುತ್ತದೆ. ಅದರೊಳಗೆ ಎರಡು ಧ್ವನಿತಂತುಗಳಿವೆ. ನಾವು ಮಾತನಾಡುವಾಗ ಅವು ಒಂದಕ್ಕೊಂದು ತಗಲಿ ನಡುಗುತ್ತವೆ. ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಇಷ್ಟು ಸೂಕ್ಷ್ಮ ಭಾಗಕ್ಕೆ ಬಾವು ಬಂದರೆ ದನಿ ಒಡೆಯುತ್ತದೆ, ಇಲ್ಲವೆ ಪೂರ್ತಿ ನಿಲ್ಲುತ್ತದೆ.

ಹೆಚ್ಚಿನ ಸಲ ಇದಕ್ಕೆ ಕಾರಣ ನೆಗಡಿಯ ವೈರಸ್. ಉಳಿದದ್ದು ನಮ್ಮ ದುಡಿಮೆಯಿಂದ ಬರುತ್ತದೆ. ತೊಗರಿ ರಾಶಿ ಮಾಡುವಾಗ ಯಂತ್ರದ ಸದ್ದಿನ ಮೇಲೆ ಕೂಗಬೇಕು, ಮೇಲಿಂದ ಹೊಟ್ಟಿನ ಧೂಳು. ರಾತ್ರಿಯಿಡೀ ಭಜನೆ ಹಾಡಿದವರು, ಜಾತ್ರೆಯಲ್ಲಿ ಕೂಗಿ ವ್ಯಾಪಾರ ಮಾಡಿದವರು, ಶಾಲೆಯ ಶಿಕ್ಷಕರು, ಬಸ್ಸಿನ ಕಂಡಕ್ಟರ್‌ಗಳು ಇವರೆಲ್ಲರ ಗಂಟಲೂ ಹೀಗೆಯೇ ಕೂರುತ್ತದೆ. ಕಟ್ಟಿಗೆ ಒಲೆಯ ಹೊಗೆ, ಬೀಡಿ, ಸಿಗರೇಟು, ಕುಡಿತ ಇವು ಬಾವು ಇಳಿಯಲು ಬಿಡುವುದಿಲ್ಲ. ರಾತ್ರಿ ತಡವಾಗಿ ಉಂಡು ಕೂಡಲೇ ಮಲಗುವವರಲ್ಲಿ ಹೊಟ್ಟೆಯ ಹುಳಿ ಮೇಲಕ್ಕೆ ಬಂದು ಧ್ವನಿತಂತುಗಳನ್ನು ಸುಡುವುದೂ ಉಂಟು.

ಗುರುತಿಸುವುದು ಕಷ್ಟವಲ್ಲ. ದನಿ ಒರಟಾಗುತ್ತದೆ, ಗಂಟಲಲ್ಲಿ ಕೆರೆತ, ಒಣಕೆಮ್ಮು, ಸ್ವಲ್ಪ ಜ್ವರ ಇರಬಹುದು. ಮೊದಲ ಎರಡು ಮೂರು ದಿನ ಹೆಚ್ಚು ತೊಂದರೆ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ತಾನಾಗಿಯೇ ವಾಸಿಯಾಗುತ್ತದೆ.

ಮನೆಯ ಆರೈಕೆ

ಮೊದಲ ಔಷಧ ಮೌನ. ಕಾಲು ಉಳುಕಿದಾಗ ನಡೆಯುವುದನ್ನು ಬಿಡುತ್ತೇವೆ, ದನಿಗೂ ಹಾಗೆಯೇ. ಆದರೆ ಅನೇಕರು ಮೌನವೆಂದರೆ ಪಿಸುಮಾತು ಎಂದು ತಿಳಿಯುತ್ತಾರೆ. ಒತ್ತಿ ಒತ್ತಿ ಪಿಸುಗುಟ್ಟಿದರೆ ಗಂಟಲಿಗೆ ಶ್ರಮವೇ ಆಗುತ್ತದೆ. ಮಾತಾಡಲೇಬೇಕಾದರೆ ಹತ್ತಿರ ಕುಳಿತು, ಸಣ್ಣ ದನಿಯಲ್ಲಿ, ಎರಡು ಮಾತು ಸಾಕು. ಪದೇ ಪದೇ ಕ್ಯಾಕರಿಸಬೇಡಿ, ಬದಲಿಗೆ ಒಂದು ಗುಟುಕು ನೀರು ಕುಡಿಯಿರಿ. ಇಲ್ಲಿ ಮನೆಯವರ ಪಾಲೂ ಇದೆ. ರೋಗಿಯ ಮೊಬೈಲನ್ನು ಬೇರೆಯವರು ಎತ್ತಿ ಮಾತಾಡಲಿ. ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆಯನ್ನೇ ಕೇಳಿ. ನೋಡಲು ಬಂದ ಬೀಗರು ಬೇಸರಪಟ್ಟರೂ ಪರವಾಗಿಲ್ಲ.

ಉಗುರುಬೆಚ್ಚಗಿನ ನೀರು, ತಿಳಿಸಾರು, ಅಂಬಲಿ ಆಗಾಗ ಕುಡಿಯುತ್ತಿರಬೇಕು. ಖಾರದ ಚಟ್ನಿಯನ್ನು ನಾಲ್ಕು ದಿನ ದೂರವಿಡಿ. ಬಿಸಿನೀರಿನ ಆವಿ ಹಿತವೆನಿಸಿದರೆ ದೊಡ್ಡವರು ತೆಗೆದುಕೊಳ್ಳಬಹುದು. ಚಿಕ್ಕ ಮಕ್ಕಳಿಗೆ ಬೇಡ, ನೀರು ಚೆಲ್ಲಿ ಮೈ ಸುಟ್ಟುಕೊಳ್ಳುವ ಅಪಾಯವಿದೆ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದರೆ ಗಂಟಲಿನ ನೋವು ಇಳಿಯುತ್ತದೆ, ಆದರೆ ಆ ನೀರು ಧ್ವನಿತಂತುಗಳ ತನಕ ಹೋಗುವುದಿಲ್ಲ. ಕೆಮ್ಮಿಗೆ ಜೇನುತುಪ್ಪ ನೆಕ್ಕಬಹುದು, ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಎಂದೂ ಕೊಡಕೂಡದು. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಎಷ್ಟು ಕೊಡಬೇಕೆಂಬುದು ತೂಕದ ಮೇಲೆ ನಿಂತಿದೆ, ಕೇಳಿ ಕೊಡಿ. ಯಕೃತ್ತಿನ ಕಾಯಿಲೆ ಇರುವವರೂ ಮೊದಲು ವೈದ್ಯರನ್ನು ಕೇಳಬೇಕು.

"ಒಂದು ಸೂಜಿ ಹಾಕಿಬಿಡ್ರಿ" ಎನ್ನುವವರೇ ಹೆಚ್ಚು. ವೈರಸ್‌ನಿಂದ ಬಂದ ಉರಿಯೂತಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ನಾಳೆಯೇ ಹಾಡಬೇಕು, ಭಾಷಣ ಮಾಡಬೇಕು ಎಂದು ಸ್ಟೀರಾಯ್ಡ್ ಚುಚ್ಚಿಸಿಕೊಂಡು ಬಾತ ದನಿಯನ್ನೇ ದುಡಿಸಿದರೆ ಧ್ವನಿತಂತುಗಳಿಗೆ ಪೆಟ್ಟಾಗಬಹುದು. ಕಾರ್ಯಕ್ರಮ ಮುಂದೆ ಹಾಕುವುದು ಮೇಲು.

ಮನೆಯಲ್ಲಿ ಕಾಯಬಾರದ ಸಂದರ್ಭಗಳು

ಉಸಿರಾಡಲು ತ್ರಾಸಾದರೆ, ಉಸಿರೆಳೆಯುವಾಗ ಗೊರಗೊರ ಸದ್ದು ಬಂದರೆ, ಎಂಜಲೂ ನುಂಗಲಾಗದಿದ್ದರೆ 108ಕ್ಕೆ ಫೋನ್ ಮಾಡಿ. ಚಿಕ್ಕ ಮಗು ರಾತ್ರಿ ಹೊತ್ತು ನಾಯಿ ಬೊಗಳಿದಂತೆ ಕೆಮ್ಮಿ, ಉಸಿರಿಗೆ ಎದೆ ಒಳಗೆ ಎಳೆದುಕೊಳ್ಳುತ್ತಿದ್ದರೆ ಅದನ್ನು ತೊಡೆಯ ಮೇಲೆ ಕೂರಿಸಿ ಸಮಾಧಾನಪಡಿಸುತ್ತಲೇ ಆಸ್ಪತ್ರೆಗೆ ಹೊರಡಿ. ಬಾಯಲ್ಲಿ ಚಮಚ ಹಾಕಿ ಗಂಟಲು ನೋಡಲು ಹೋಗಬೇಡಿ. ಮಗು ಬಾಯಿ ತೆರೆದಾಗ ಗಂಟಲಲ್ಲಿ ಬೂದುಬಿಳಿ ಪೊರೆ ಕಂಡರೆ, ಕುತ್ತಿಗೆ ಬಾತಿದ್ದರೆ ಅದು ಗಂಟಲುಮಾರಿ ಇರಬಹುದು, ಒಂದು ದಿನವೂ ತಡ ಮಾಡುವಂತಿಲ್ಲ. ಇದರ ಲಸಿಕೆ 6, 10, 14ನೇ ವಾರದಲ್ಲಿ, ನಂತರ 16ರಿಂದ 24 ತಿಂಗಳೊಳಗೆ, 5ರಿಂದ 6, 10 ಮತ್ತು 16ನೇ ವರ್ಷದಲ್ಲಿ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ಇನ್ನೊಂದು ಸಂಗತಿ ಅವಸರದ್ದಲ್ಲ, ಆದ್ದರಿಂದಲೇ ಜನ ಮರೆಯುತ್ತಾರೆ. ಒಡೆದ ದನಿ ಮೂರು ವಾರ ದಾಟಿದರೆ ಅದನ್ನು ನೆಗಡಿ ಎನ್ನಬೇಡಿ. ಬೀಡಿ, ತಂಬಾಕು, ಕುಡಿತದ ರೂಢಿ ಇದ್ದವರು ಎರಡು ವಾರಕ್ಕೇ ಬರಬೇಕು. ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು ಇದ್ದರೆ ಅಷ್ಟೂ ಕಾಯಬೇಡಿ. ಧ್ವನಿತಂತುವಿನ ಕ್ಯಾನ್ಸರ್‌ಗೆ ಮೊದಲಿಗೆ ನೋವಿರುವುದಿಲ್ಲ, ಕಾಳಿನಷ್ಟು ಗಂಟಿಗೇ ದನಿ ಕೆಡುತ್ತದೆ. ಒಂದು ರೀತಿಯಲ್ಲಿ ಇದು ರೋಗಿಯ ಅದೃಷ್ಟ. ಆ ಹಂತದಲ್ಲಿ ಬಂದವರಲ್ಲಿ ಬಹುಪಾಲು ಜನ ವಿಕಿರಣ ಚಿಕಿತ್ಸೆಯಿಂದಲೇ ಗುಣವಾಗುತ್ತಾರೆ, ದನಿಯೂ ಉಳಿಯುತ್ತದೆ. ಆರು ತಿಂಗಳು ಕಷಾಯ ಕುಡಿದು ಬಂದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ದನಿ ಕೆಟ್ಟದ್ದರ ಜೊತೆ ಎರಡು ವಾರ ಮೀರಿದ ಕೆಮ್ಮು, ಮೈ ಇಳಿಯುವುದು ಇದ್ದರೆ ಕ್ಷಯದ ಕಫ ಪರೀಕ್ಷೆಯೂ ಆಗಬೇಕು.

ಪರೀಕ್ಷೆಗೆ ಹೆದರಬೇಕಿಲ್ಲ. ಗಂಟಲ ಹಿಂದೆ ಪುಟ್ಟ ಕನ್ನಡಿ ಹಿಡಿದೋ, ಮೂಗಿನಿಂದ ತೆಳುವಾದ ನಳಿಕೆ ಇಳಿಸಿಯೋ ನೋಡುತ್ತಾರೆ, ಕೆಲವು ನಿಮಿಷದ ಕೆಲಸ. ಈ ಕನ್ನಡಿಯ ಉಪಾಯದಿಂದ ತನ್ನದೇ ಧ್ವನಿತಂತುಗಳನ್ನು 1854ರಲ್ಲಿ ನೋಡಿದ ಮ್ಯಾನುಯೆಲ್ ಗಾರ್ಸಿಯಾ ವೈದ್ಯನಲ್ಲ, ಸಂಗೀತದ ಗುರು! ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗವಿದೆ. ಬರುವಾಗ ಹಳೆಯ ಚೀಟಿಗಳನ್ನೂ, ತೆಗೆದುಕೊಂಡ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ತನ್ನಿ. ದನಿ ಕೆಟ್ಟದ್ದು ಯಾವ ದಿನದಿಂದ ಎಂದು ಮನೆಯವರು ಬರೆದಿಟ್ಟುಕೊಂಡಿದ್ದರೆ ರೋಗಿ ಮಾತಾಡುವ ಶ್ರಮ ತಪ್ಪುತ್ತದೆ.